ಬಾಯಿಗೆ ವಾಸನೆ

ಒಮ್ಮೆ ಮಿಂದು, ಸೀರೆ ಉಟ್ಟು, ತಲೆ ಬಾಚಿಕೊಂಡಾದ ಮೇಲೆ ವಾರಿಜಾ ಮತ್ತೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಿಚ್ಚಿದ ಸೀರೆಯನ್ನು ಮೊಳೆಗೆ ತಗುಲಿಸುವ ಮುಂಚೆ ಅದರ ಸೆರಗನ್ನು ಮೂಗಿಗೆ ಒತ್ತಿ ಹಿಡಿದಳು. ಇಸ್ತ್ರಿಯ ಬಿಸಿ ಇನ್ನೂ ಆರದ ಬಟ್ಟೆ, ಅಷ್ಟೇ. ಸೋಪನ್ನು ಮೂಸಿದಳು. ತಣ್ಣಗೆ ಜಾರುವ ಒಂದು ವಸ್ತು, ಅಷ್ಟೇ. ಕಿವಿಯ ಹಿಂದೆ, ಕುತ್ತಿಗೆಯ ಸಂದು, ಕಂಕುಳು, ಬೆರಳುಗಳ ನಡುವೆ, ಹಿಮ್ಮಡಿ ಎಂದು ಇಷ್ಟು ವರ್ಷ ಐದು, ಆರು, ಏಳನೆಯ ತರಗತಿಯ ಮಕ್ಕಳಿಗೆ ಹೇಳಿಕೊಡುತ್ತ ಬಂದದ್ದನ್ನು ಈಗ ಯಾರೋ ತನ್ನ ಮೈಮೇಲೆ ಒಪ್ಪಿಸಿಕೊಳ್ಳುತ್ತಿದ್ದಾರೆ ಅನ್ನಿಸಿತು. ಚರ್ಮ ಕೆಂಪಾಗುವಷ್ಟು ತಿಕ್ಕಿದಳು. ಹೊರಗಿನಿಂದ ರಮಾಕಾಂತ ಬಾಗಿಲು ತಟ್ಟಿದ. "ದಾನೆ ಮಾರಾಯ್ತಿ, ಪುನಃ ಮೀಯುವುದಾ? ಡೊಂಬಿವಲಿಗೆ ನೀರು ಬಿಡುವವರಿಗೆ ಗೊತ್ತಾದರೆ ನಾಳೆಯಿಂದ ನಳ್ಳಿ ಬಂದ್." ಸೆಕೆ ಎಂದಳು ಒಳಗಿನಿಂದಲೇ. ಹೊರಗೆ ಬಂದವಳು ಅವನ ಎದುರಿಗೆ, ಗಂಡಹೆಂಡಿರು ಅಷ್ಟು ವಯಸ್ಸಾದ ಮೇಲೆ ಹಗಲು ಹೊತ್ತಿನಲ್ಲಿ ನಿಲ್ಲದಷ್ಟು ಹತ್ತಿರ ನಿಂತು, "ನನ್ನ ಹತ್ತಿರ ಏನಾದರೂ ವಾಸನೆ ಉಂಟಾ ನೋಡಿ" ಎಂದಳು. "ದಾಲಾ ಇಜ್ಜಿ" ಎಂದ ಅವನು. ಏನೂ ಇಲ್ಲ. ಆದರೆ ಅವನು ಬಗ್ಗುವ ಮೊದಲೇ ಹೇಳಿಬಿಟ್ಟಿದ್ದ. ವಾರಿಜಾ ಅದನ್ನು ಗಮನಿಸಿದಳು. ಮೊದಲು ಮಾತು, ಆಮೇಲೆ ಬಗ್ಗಿದ್ದು.

ಅವನ ಮೂಗನ್ನಾದರೂ ಎಷ್ಟು ನಂಬುವುದು? ಮಹಾಪೆಯ ಹೋಟೆಲಿನ ಗಲ್ಲಾಪೆಟ್ಟಿಗೆಯ ಹಿಂದೆ ಕೂತು ಕೂತು ಸಾಂಬಾರಿನ ಹಬೆಯಲ್ಲಿ ಬೆಂದ ಮೂಗು ಅದು. ಊರೆಲ್ಲ ಮುಚ್ಚಿದ ಆ ಜ್ವರದ ವರ್ಷ ಇಬ್ಬರೂ ಒಟ್ಟಿಗೆ ಹಾಸಿಗೆ ಹಿಡಿದಿದ್ದರು, ಇಬ್ಬರ ಮೂಗೂ ಸತ್ತಿತ್ತು. ಅವನು ಮೊದಲು ಎದ್ದ. ಅವನಿಗೆ ಒಂದು ಬೆಳಿಗ್ಗೆ ಒಗ್ಗರಣೆಯ ಸಾಸಿವೆ ಘಮ್ಮೆಂದಿತು, ಅವಳಿಗೆ ಎನ್ನಲಿಲ್ಲ. ಹೋಟೆಲು ಮತ್ತೆ ತೆರೆದ ಮೇಲೆ ದಿನಾ ಸಂಜೆ ಅವನು ಏನಾದರೊಂದು ಪೊಟ್ಟಣ ಕಟ್ಟಿಕೊಂಡು ಬರುತ್ತಿದ್ದ. ಇಂಗು, ಓಮ, ಆಗಷ್ಟೇ ಬೀಸಿದ ಕಾಫಿಪುಡಿ, ಒಮ್ಮೆ ಹಲಸಿನ ಹಣ್ಣಿನ ಒಂದು ತೊಳೆ. ಅವಳ ಮೂಗಿನ ಕೆಳಗೆ ಹಿಡಿದು, "ಈಗ?" ಎನ್ನುತ್ತಿದ್ದ. ಅವನ ಕಣ್ಣು ಅವಳ ಮುಖವನ್ನೇ ನೋಡುತ್ತಿತ್ತು, ಪರೀಕ್ಷೆಯ ಫಲಿತಾಂಶದ ಬೋರ್ಡನ್ನು ನೋಡುವ ಹುಡುಗನ ಹಾಗೆ. ಒಂದು ದಿನ ಆ ಕಣ್ಣನ್ನು ತಾಳಲಾರದೆ, "ಬಂತು, ಸ್ವಲ್ಪ ಬಂತು" ಎಂದುಬಿಟ್ಟಳು. ಅವನು ದೇವರ ಮುಂದೆ ತುಪ್ಪದ ದೀಪ ಹಚ್ಚಿದ. ಹಚ್ಚಿದ ದೀಪವನ್ನು ಯಾರು ಆರಿಸುತ್ತಾರೆ! ಅಂದಿನಿಂದ ಅವಳು ವಾಸನೆ ಬರುವವಳಾಗಿಯೇ ಬದುಕುತ್ತ ಬಂದಿದ್ದಳು. ವಾಸನೆ ಬರುವವಳು. ಹೀಗೆ ಹೇಳಿದರೆ ಎರಡು ಅರ್ಥ ಬರುತ್ತದೆ ಎನ್ನುವುದು ಸೆರಗು ಸರಿಪಡಿಸಿಕೊಳ್ಳುವಾಗ ಹೊಳೆದು, ಕೈ ಅಲ್ಲೇ ನಿಂತಿತು.

ನಿನ್ನೆ ಕೈತೊಳೆಯುವ ನಳ್ಳಿಯ ಹತ್ತಿರ ಕೇಳಿದ್ದೂ ಇಂಥದೇ ಮಾತು. ಈ ಊರಿನ ಶಾಲೆಗಳಲ್ಲಿ ಟೀಚರನ್ನು ಬಾಯಿ ಎಂದು ಕರೆಯುತ್ತಾರೆ. ಮದುವೆಯಾಗಿ ಬಂದ ಹೊಸದರಲ್ಲಿ, ನೆರೂಳಿನ ಈ ಕನ್ನಡ ಸಂಘದ ಶಾಲೆಯಲ್ಲಿ ಮಕ್ಕಳು "ಬಾಯಿ, ಬಾಯಿ" ಎಂದು ಕೂಗುತ್ತ ಓಡಿ ಬಂದಾಗ, ಪಾಪ, ಇಷ್ಟು ಮಕ್ಕಳಿಗೆ ಒಟ್ಟಿಗೇ ಹಲ್ಲುನೋವೋ ಎಂದು ಗಾಬರಿಯಾಗಿ ಲವಂಗದ ಎಣ್ಣೆ ಹುಡುಕಿದ್ದನ್ನು ಹೇಳಿಕೊಂಡು ಸ್ಟಾಫ್‌ರೂಮಿನಲ್ಲಿ ಎಷ್ಟು ನಕ್ಕಿದ್ದರು. ಈಗ ಅದು ನಗುವ ಮಾತಾಗಿ ಉಳಿದಿರಲಿಲ್ಲ. ನಿನ್ನೆ ಆರನೆಯ ತರಗತಿಗೆ ಹಲ್ಲು, ನಾಲಿಗೆ, ಒಸಡುಗಳ ಪಾಠ ಮಾಡಿ, ಬೋರ್ಡಿನ ಮೇಲೆ ದೊಡ್ಡದಾಗಿ "ಬಾಯಿ ವಾಸನೆ ಏಕೆ ಬರುತ್ತದೆ?" ಎಂದು ಬರೆದಿದ್ದಳು. ಹಿಂದಿನ ಬೆಂಚಿನಲ್ಲಿ ಯತಿನ್ ಮುಖ ಮುಚ್ಚಿಕೊಂಡು ಕುಲುಕಿದ. ಆಮೇಲೆ ನಳ್ಳಿಯ ಹತ್ತಿರ ಅವನೂ ಮನೀಶನೂ ಕೈತೊಳೆಯುತ್ತಿದ್ದಾಗ ಕಂಬದ ಈಚೆಗಿದ್ದ ಅವಳಿಗೆ ಮರಾಠಿಯಲ್ಲಿ ಕೇಳಿಸಿತು: "ಬಾಯೀಂನಾ ವಾಸ್ ಯೇತ್..." ಅಷ್ಟರಲ್ಲಿ ಬೆಲ್ಲು ಹೊಡೆಯಿತು. ಬಾಯಿಗೆ ವಾಸನೆ ಬರು... ಮುಂದಿನದು ಬೆಲ್ಲಿನೊಳಗೆ ಹೋಯಿತು.

ಪಾಠವನ್ನೇ ನೆನಪಿಸಿಕೊಳ್ಳುತ್ತಿರಬೇಕು ಎಂದು ಮೊದಲು ಸಮಾಧಾನ ಮಾಡಿಕೊಂಡಳು. ಬಾಯಿ ಅಂದರೆ ಬಾಯಿ, ಹಲ್ಲಿರುವ ಬಾಯಿ. ಆದರೆ ಈ ಮಕ್ಕಳು ಅದಕ್ಕೆ ಬಾಯಿ ಎನ್ನುವುದು ಅವಳ ತರಗತಿಯ ಒಳಗೆ ಮಾತ್ರ, ಹೊಸಿಲು ದಾಟಿದರೆ ಅದು ಮರಾಠಿಯ ತೋಂಡ. ಅದೂ ಅಲ್ಲದೆ, ಬಾಯೀಂನಾ. ಮರ್ಯಾದೆಯ ಬಹುವಚನ. ಯಾರೂ ತಮ್ಮ ಬಾಯಿಗೆ ಬಹುವಚನ ಕೊಡುವುದಿಲ್ಲ. ಮಕ್ಕಳು ಮರ್ಯಾದೆಯಿಂದಲೇ ಹೇಳಿದ್ದವು, ಬಾಯಿಯವರು ನಾರುತ್ತಾರೆ ಎಂದು. ಆ ಮರ್ಯಾದೆಯೇ ಅವಳನ್ನು ಹೆಚ್ಚು ಚುಚ್ಚಿತು.

ಡೊಂಬಿವಲಿಯಿಂದ ಠಾಣೆ ಸ್ಟೇಷನ್ನಿನವರೆಗೆ ರೈಲಿನಲ್ಲಿ ಯಾರ ಮೈ ಯಾವುದೆಂದು ತಿಳಿಯದ ನೂಕುನುಗ್ಗಲು. ಅಲ್ಲಿ ಅವಳಿಗೆ ಭಯವಿರಲಿಲ್ಲ, ಎಲ್ಲರ ಬೆವರೂ ಒಂದೇ ಖಾತೆಗೆ ಜಮಾ. ಠಾಣೆಯಲ್ಲಿ ಬದಲಿಸಿ ನೆರೂಳಿನ ಗಾಡಿ ಹಿಡಿದು ಮಹಿಳೆಯರ ಡಬ್ಬಿಯಲ್ಲಿ ಕೂತಮೇಲೆ ಶುರುವಾಯಿತು. ಮೂವರ ಸೀಟಿನ ತುದಿಯಲ್ಲಿ ನಾಲ್ಕನೆಯವಳಾಗಿ ಅರೆ ಕುಳಿತಿದ್ದಳು. ಕಿಟಕಿಯ ಬಳಿಯ ಹುಡುಗಿ, ಯಾವುದೋ ಆಫೀಸಿನ ಗುರುತಿನ ಪಟ್ಟಿ ಕೊರಳಿಗೆ ಹಾಕಿಕೊಂಡವಳು, ತಟ್ಟನೆ ಎದ್ದು, "ಕಾಕೂ, ತುಮ್ಹೀ ಇಥೆ ಬಸಾ" ಎಂದು ತನ್ನ ಜಾಗ ತೋರಿಸಿದಳು. ಕಿಟಕಿಯ ಸೀಟು! ಈ ಮಾರ್ಗದಲ್ಲಿ ಕಿಟಕಿಯ ಸೀಟನ್ನು ಹೆತ್ತ ತಾಯಿಗೂ ಬಿಟ್ಟುಕೊಡುವುದಿಲ್ಲ. ವಾರಿಜಾ ಕೂತಳು. ಹುಡುಗಿ ಬಾಗಿಲ ಕಡೆ ಹೋಗಿ ನಿಂತಳು. ಇಳಿಯುವುದಕ್ಕೋ, ಗಾಳಿಗೋ? ಐರೋಲಿ ಬಂತು, ಇಳಿಯಲಿಲ್ಲ. ರಬಾಳೆ ಬಂತು, ಇಳಿಯಲಿಲ್ಲ. ಹಾಗಾದರೆ ಗಾಳಿಗೆ. ಸಮುದ್ರದ ಹಿನ್ನೀರಿನ ಖಾಡಿಯ ಕಡೆಯ ಗಾಳಿ ಒಳಗೆ ನುಗ್ಗಿದಾಗ ಹೆಂಗಸರು ಓಢಣಿಯ ತುದಿಯನ್ನು ಮೂಗಿಗೆ ತಂದುಕೊಳ್ಳುತ್ತಾರೆ, ಕೆಸರಿನ ವಾಸನೆಗೆ. ಅದನ್ನು ನೋಡಿಯೇ ಅವಳೂ ಸೆರಗನ್ನು ಮೂಗಿಗೆ ತರುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ಇಂದು ಎದುರಿನ ಸೀಟಿನ ಹೆಂಗಸು ಓಢಣಿ ಎತ್ತಿದಾಗ ಹೊರಗೆ ನೋಡಿದರೆ ಖಾಡಿಯೂ ಇಲ್ಲ, ಮೋರಿಯೂ ಇಲ್ಲ, ಬರೀ ಸಿಮೆಂಟಿನ ಗೋಡೆ. ವಾರಿಜಾ ಕೈಚೀಲವನ್ನು ಎದೆಗೆ ಅವಚಿಕೊಂಡು ತನ್ನ ಮೈಯನ್ನು ಕಿಟಕಿಯ ಸರಳುಗಳೊಳಗೆ ತೂರಿಸುವವಳಂತೆ ಒತ್ತಿ ಕೂತಳು. ಆ ಹೆಂಗಸು ಒಂದು ಸೀನು ಸೀನಿ, ಓಢಣಿ ಕೆಳಗಿಳಿಸಿ, ಅವಳತ್ತ ನಕ್ಕಳು. ನಗುವುದು ಯಾಕೆ?

ಮೂಗು ಹೋದಮೇಲೆ ಅವಳು ಕಣ್ಣಿನಿಂದ ಮೂಸುವುದನ್ನು ಕಲಿತಿದ್ದಳು. ಪಕ್ಕದ ಮನೆಯಲ್ಲಿ ಹಾಲು ಸೀದಿದ್ದು ಪಕ್ಕದ ಮನೆಯವಳ ಓಟದಿಂದ, ಗ್ಯಾಸು ಸೋರಿದ್ದು ರಮಾಕಾಂತನ ಹುಬ್ಬಿನಿಂದ ತಿಳಿಯುತ್ತಿತ್ತು. ಶಾಲೆಯಲ್ಲಿ ಸಣ್ಣ ಬಿಡುವಿನ ಹೊತ್ತು ಡಬ್ಬಿಗಳನ್ನು ಪರೀಕ್ಷಿಸುವುದು ಅವಳ ಹಳೆಯ ಪದ್ಧತಿ. ಬೆಂಚಿನಿಂದ ಬೆಂಚಿಗೆ ಹೋಗಿ ಪ್ರತಿ ಡಬ್ಬಿಗೆ ಬಗ್ಗಿ, "ಆಹಾ, ಮೆಂತೆ ಪಲ್ಯ", "ಇದೇನಪ್ಪ, ದಿನಾ ಪುಡಿಕೆಯ ಕುರುಕುರು, ಹೊಟ್ಟೆಗೆ ಏನು ಸಿಗುತ್ತೆ ಇದರಲ್ಲಿ" ಎಂದು ಹೇಳುತ್ತ ಹೋಗುವುದು. ಡಬ್ಬಿಯಲ್ಲಿ ಏನೋ ಕೆಟ್ಟಿದ್ದರೆ ಪಕ್ಕದ ಹುಡುಗನ ಮೂಗು ಹೇಳುತ್ತಿತ್ತು, ಸುಕ್ಕು ಬೀಳುತ್ತಿತ್ತು. ಆ ಸುಕ್ಕನ್ನು ಕದ್ದು ಓದಿ, ತಾನೇ ಕಂಡುಹಿಡಿದವಳಂತೆ, "ಇದು ಬೇಡ ಪುಟ್ಟಾ" ಎನ್ನುತ್ತಿದ್ದಳು. ಮಕ್ಕಳ ಮುಖ ಸುಳ್ಳು ಹೇಳುವುದಿಲ್ಲ ಎನ್ನುವ ಧೈರ್ಯ. ಆದರೆ ಒಂದು ಸಲ ಮುಖಗಳನ್ನು ಓದುವ ಚಟ ಹತ್ತಿದ ಮೇಲೆ ಯಾವ ಮುಖವನ್ನೂ ಸುಮ್ಮನೆ ನೋಡುವುದಕ್ಕೆ ಆಗುವುದಿಲ್ಲ. ಜೊತೆಯ ಟೀಚರ್ ಸಂಜನಾ ಸ್ಟಾಫ್‌ರೂಮಿಗೆ ಬಂದವಳೇ ಕಿಟಕಿ ತೆರೆಯುತ್ತಾಳೆ. ಕೆಲವು ತಿಂಗಳಿಂದ ದಿನಾ ಬೆಳಿಗ್ಗೆ ಒಂದು ತುಂಡು ಮಲ್ಲಿಗೆ ತಂದು, "ಅಕ್ಕ, ಮುಡೀರಿ" ಎಂದು ತಾನೇ ಸಿಕ್ಕಿಸುತ್ತಾಳೆ. ಖಾರಘರದ ಹುಡುಗಿ, ಅಪ್ಪನಿಗೆ ಉಡುಪಿ ಹೋಟೆಲು, ಮನೆಯಲ್ಲಿ ಈರುಳ್ಳಿಗೂ ಕೆಲವು ದಿನ ನಿಷೇಧ. ವಾರಿಜಾಳ ಮನೆಯಲ್ಲಿ ಮೀನಿಲ್ಲದ ದಿನ ಹಬ್ಬದ ದಿನ ಮಾತ್ರ. ಶಾಲೆಗೆ ಅವಳು ಮೀನು ತಂದವಳೇ ಅಲ್ಲ, ಅದು ಹೇಳದೆಯೇ ತಿಳಿದುಕೊಂಡ ಶಿಸ್ತು. ಆದರೆ ಡಬ್ಬಿಯನ್ನು ಮನೆಯಲ್ಲಿ ಬಿಟ್ಟು ಬರಬಹುದು, ಮೈಯನ್ನು? ಹೂವು ಪ್ರೀತಿಗೋ, ಮುಚ್ಚುವುದಕ್ಕೋ?

ಇವತ್ತೂ ಸಂಜನಾ ಹೂ ಮುಡಿಸಿ, ಕತ್ತು ಬಾಗಿಸಿ ನೋಡಿ, "ಚಂದ ಕಾಣ್ತದೆ. ಎಂತ ಅಕ್ಕ, ಕಣ್ಣೆಲ್ಲ ಕೆಂಪು, ನಿದ್ದೆ ಇಲ್ವಾ?" ಎಂದಳು. "ಸೋಪು ಬಿತ್ತು" ಎಂದಳು ವಾರಿಜಾ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಯಾರು ಕೇಳಿದ್ದರು ಸೋಪಿನ ವಿಷಯ? ಸಂಜನಾ ಏನೂ ಕೇಳದವಳಂತೆ ಅವಳ ನೀರಿನ ಬಾಟಲಿಯನ್ನೂ ತಾನೇ ತುಂಬಿಸಿ ತರಲು ಹೋದಳು. ಅದೂ ಒಂದು ಉಪಾಯ ಇರಬಹುದು, ಸ್ವಲ್ಪ ಹೊತ್ತು ದೂರ ಇರುವುದಕ್ಕೆ.

ನಿನ್ನೆ ಸಂಜೆ ಹೆಡ್‌ಮಾಸ್ತರು ಸರ್ವೋತ್ತಮ ಸರ್ ಕರೆದು ಹೇಳಿದ ಮಾತು ಇನ್ನೂ ಎದೆಯಲ್ಲಿ ಜಗಿಯದೆ ನುಂಗಿದ ತುತ್ತಿನ ಹಾಗೆ ಕೂತಿತ್ತು. ಶನಿವಾರ ಪಾಲಕರ ಎದುರಿಗೆ ಆರೋಗ್ಯದ ಮಾದರಿ ಪಾಠ. ಪ್ರತಿ ವರ್ಷ ವಾರಿಜಾಳದ್ದೇ. ತಾರಸಿಯ ಮೇಲಿನ ಕವಾಯತು, ಉಗುರು, ಹಲ್ಲು, ಡಬ್ಬಿಯ ಊಟ, ಎಲ್ಲವನ್ನೂ ಮಕ್ಕಳಿಂದಲೇ ಆಡಿಸಿ ತೋರಿಸುವುದು. ಸರ್ ಕನ್ನಡಕ ತೆಗೆದು ಒರೆಸುತ್ತ, "ವಾರಿಜಾ ಬಾಯಿ, ಈ ಸಲದ್ದು ಸಂಜನಾ ಮಾಡಲಿ ಅಂತ ಒಂದು ವಿಚಾರ. ನಿಮಗೆ ಸುಮ್ಮನೆ ತ್ರಾಸು. ಹಾಲ್ ಸಣ್ಣದು, ಪಾಲಕರು ಒತ್ತಿ ಕೂತ್ಕೊಳ್ತಾರೆ, ಫ್ಯಾನು ಬೇರೆ ಒಂದು ಕೆಟ್ಟಿದೆ. ಸರಿ ಹೋದ್ರೆ ಮುಂದಕ್ಕೆ ಆ ವಿಷಯವನ್ನೇ ಅವಳಿಗೆ ಕೊಡುವಾ. ಒತ್ತಾಯ ಇಲ್ಲ. ನಾಳೆ ಊಟದ ಬೆಲ್ಲಿನೊಳಗೆ ಹೂಂ ಅಥವಾ ಊಹೂಂ ಹೇಳಿ" ಎಂದರು. ಅವರು ಒಳ್ಳೆಯವರು. ಅವಳ ಗಂಡನಿಗೆ ಹೋಟೆಲಿನ ಕೆಲಸ ಹೋದ ವರ್ಷ, ಯಾರಿಗೂ ತಿಳಿಯದ ಹಾಗೆ ಮನೆಗೆ ಅಕ್ಕಿ ಕಳಿಸಿದ್ದರು. ಅಂಥವರು ಇದ್ದದ್ದನ್ನು ಇದ್ದ ಹಾಗೆ ಹೇಳುವುದಿಲ್ಲ. ಫ್ಯಾನು ಕೆಟ್ಟಿದೆ ಎನ್ನುತ್ತಾರೆ. ಫ್ಯಾನಿಗೂ ಪಾಠಕ್ಕೂ ಏನು ಸಂಬಂಧ? ಗಾಳಿ ಆಡದ ಕೋಣೆಯಲ್ಲಿ ಯಾರೋ ಒಬ್ಬರು ನಿಂತು ಮಾತಾಡುವುದಕ್ಕೂ ಪಾಲಕರು ಒತ್ತಿ ಕೂರುವುದಕ್ಕೂ ಇರುವ ಸಂಬಂಧ. ಮನೆ ದಾಟಿ ಹೊರಗೆ ಬಂದು, ತಾನು ಯಾರದೋ ಹೆಂಡತಿ, ಯಾರದೋ ಸೊಸೆ ಅಲ್ಲದೆ ಬರೀ ತಾನಾಗಿ ನಿಲ್ಲುತ್ತಿದ್ದದ್ದು ಆ ಒಂದು ತರಗತಿಯಲ್ಲಿ. ಅದನ್ನು ಇಷ್ಟು ನಯವಾಗಿ ಕೇಳುತ್ತಿದ್ದಾರೆ. ಬಿಟ್ಟುಕೊಟ್ಟರೆ ನಾರುತ್ತೇನೆಂದು ಒಪ್ಪಿಕೊಂಡ ಹಾಗೆ. ಬಿಟ್ಟುಕೊಡದಿದ್ದರೆ ಶನಿವಾರ ಪಾಲಕರ ಮುಂದಿನ ಸಾಲು ಒಟ್ಟಿಗೆ ಕರವಸ್ತ್ರ ತೆಗೆಯುವುದನ್ನು ನೋಡಬೇಕು. ನಾರುವುದು ನಿಜವೋ ಸುಳ್ಳೋ ತಿಳಿಯುವುದಕ್ಕೆ ಮಾತ್ರ ಅವಳ ಹತ್ತಿರ ಯಾವ ದಾರಿಯೂ ಇರಲಿಲ್ಲ.

ಊಟಕ್ಕೆ ಮುಂಚಿನ ಪೀರಿಯಡ್ಡು ಆರನೆಯ ತರಗತಿ. ಪಾಠ, ಹಳಸಿದ ಆಹಾರ. "ಹಳಸಿದೆ ಅಂದ್ರೆ ಏನು?" ಎಂದು ಕೇಳಿದಳು. "ಖರಾಬ್" ಎಂದಿತು ಒಂದು ಸಾಲು. "ಕನ್ನಡದಲ್ಲಿ ಹೇಳಿ. ಹಳಸಿದೆ." "ಹಳಸಿದೆ" ಎಂದು ಕೂಗಿದವು, ಯಾವುದೋ ದೇವರ ಹೆಸರಿನ ಹಾಗೆ. ಬೇಯಿಸಿದ್ದನ್ನು ಸೆಕೆಯಲ್ಲಿ ಮುಚ್ಚಿಟ್ಟರೆ ಏನಾಗುತ್ತದೆ, ಕಣ್ಣಿನಿಂದ ಹೇಗೆ ತಿಳಿಯಬೇಕು, ನೂಲು ಬರುವುದೆಂದರೇನು, ಎಲ್ಲ ಹೇಳಿದಳು. ಮೂಗಿನ ಮಾತು ಬಂದಾಗ ಅವಳ ದನಿ ಸ್ವಲ್ಪ ಅವಸರವಾಯಿತು. ಕಣ್ಣಿಗೆ, ಮೂಗಿಗೆ ಎಲ್ಲವೂ ತಿಳಿಯುವುದಿಲ್ಲ, ಆದ್ದರಿಂದ ಸಂಶಯ ಬಂದದ್ದನ್ನು ತಿನ್ನಲೇಬಾರದು ಎಂದಳು. ಸಂಶಯ ಬಂದರೆ ಬಿಸಾಡಿ. ಹೇಳಿದ ಮೇಲೆ ಆ ಮಾತು ತಿರುಗಿ ತನ್ನನ್ನೇ ನೋಡಿದ ಹಾಗಾಯಿತು. ಹಾಗೆ ಬಿಸಾಡುತ್ತ ಹೋದರೆ ಅವಳ ಪಾಲಿಗೆ ಇಂದು ಯಾರು ಉಳಿಯುತ್ತಾರೆ? ಗಂಡ, ಸಂಜನಾ, ಸರ್, ರೈಲಿನ ಹುಡುಗಿ, ಎಲ್ಲರೂ ಕಸದ ಡಬ್ಬಿಗೆ.

ಆಗ ಪ್ರೇಕ್ಷಾ ಎದ್ದು ಬಂದಳು. ಮೂಡಬಿದಿರೆ ಕಡೆಯವರ ಮಗು, ಮನೆಯಲ್ಲಿ ತುಳು, ಹೊರಗೆ ಮರಾಠಿ, ಮಾತು ಎಲ್ಲೆಲ್ಲೂ ಕಡಿಮೆ. ಅವಳ ತಾಯಿ ಒಂದು ಆಸ್ಪತ್ರೆಯಲ್ಲಿ ಆಯಾ, ಹಗಲು ಪಾಳಿ ಇದ್ದರೆ ಮಗಳ ಡಬ್ಬಿಯನ್ನು ಹಿಂದಿನ ಸಂಜೆಯೇ ತುಂಬಿಟ್ಟು ಹೋಗುವವಳು. ಹುಡುಗಿ ಡಬ್ಬಿಯ ಮುಚ್ಚಳ ತೆಗೆದು, ಎರಡೂ ಕೈಯಲ್ಲಿ ಎತ್ತಿ, ನೈವೇದ್ಯದ ಹಾಗೆ ಹಿಡಿದಳು. ತೊವ್ವೆ ಕಲಸಿದ ಅನ್ನ. "ಬಾಯಿ, ಇದು ಹಳಸಿದೆಯಾ? ವಾಸ್ ಘೇವುನ್ ಸಾಂಗಾ ನಾ." ಮೂಸಿ ಹೇಳಿ ಎಂದು.

ವಾರಿಜಾ ಬಗ್ಗಿದಳು. ಉಸಿರು ಎಳೆದಳು. ಎಷ್ಟು ಆಳಕ್ಕೆ ಎಳೆದರೂ ಗಾಳಿ, ಬರೀ ಗಾಳಿ. ಅನ್ನದ ಬಣ್ಣ ಸರಿಯಾಗಿತ್ತು, ನೂಲು ಕಾಣಲಿಲ್ಲ. ಅಭ್ಯಾಸದಂತೆ ಬಗ್ಗಿದಲ್ಲಿಂದಲೇ ಕಣ್ಣು ಮೇಲೆತ್ತಿ ಮುಂದಿನ ಬೆಂಚಿನ ಮುಖಗಳನ್ನು ನೋಡಿದಳು. ಏನೂ ಇಲ್ಲ. ಎರಡನೆಯ ಬೆಂಚು, ಮೂರನೆಯದು. ಒಂದು ಮೂಗೂ ಸುಕ್ಕಾಗಿರಲಿಲ್ಲ, ಒಂದು ತುಟಿಯೂ ನಕ್ಕಿರಲಿಲ್ಲ. ಗೋಡೆಗೆ ಹೊಡೆದ ಸುಣ್ಣದ ಹಾಗೆ ಖಾಲಿ ಮುಖಗಳು, ಅವಳನ್ನೇ ನೋಡುತ್ತಿದ್ದವು. ಇಂಥ ಮೌನ ಈ ತರಗತಿಯಲ್ಲಿ ಪರೀಕ್ಷೆಯ ದಿನವೂ ಇರುವುದಿಲ್ಲ. ಹಾಗಾದರೆ ಇದು ಮಾಡಿಕೊಂಡ ಏರ್ಪಾಡು. ಡಬ್ಬಿ ತಾಜಾ ಇದ್ದು ಅವಳು ಹಳಸಿದೆ ಎನ್ನಬೇಕು, ಅಥವಾ ಹಳಸಿದ್ದು ಅವಳು ಚೆನ್ನಾಗಿದೆ ಎನ್ನಬೇಕು, ಆಮೇಲೆ ಯತಿನ್ ನಗಬೇಕು. ಪ್ರೇಕ್ಷಾಳಂಥ ಮಗುವನ್ನೂ ಸೇರಿಸಿಕೊಂಡಿದ್ದಾವೆ. ಯಾರು ಹೇಳಿಕೊಟ್ಟದ್ದು? ಸಂಜನಾ? ಶನಿವಾರಕ್ಕೆ ಮುಂಚೆ ನೋಡಿಬಿಡೋಣ ಎಂದು? ಅವಳಿಗೆ ಬೆನ್ನು ಬೆವರಿತು. ಬೆವರಿದರೆ ವಾಸನೆ ಬರುತ್ತದೆ ಎಂದು ಇನ್ನಷ್ಟು ಬೆವರಿತು. ಸುಲಭದ ಉತ್ತರ ಒಂದಿತ್ತು. ಚೆನ್ನಾಗಿದೆ ಪುಟ್ಟಾ, ತಿನ್ನು. ಹಾಗೆಂದರೆ ಮಗು ನಂಬುತ್ತದೆ, ತಿನ್ನುತ್ತದೆ. ಸಂಜೆ ಅದರ ಹೊಟ್ಟೆಗೆ ಏನಾಯಿತು ಎನ್ನುವುದು ತನ್ನವರೆಗೆ ಬಂದು ತಲುಪುವುದಿಲ್ಲ. ಅವಳ ತುಟಿ "ಚೆ" ಎನ್ನುವುದಕ್ಕೆ ಅರ್ಧ ತೆರೆದಿತ್ತು. ಡಬ್ಬಿಯ ಜೊತೆ ಪ್ರೇಕ್ಷಾಳ ಬೆರಳುಗಳ ನಡುವೆ ಚಮಚವೂ ಇತ್ತು. ಮಗು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ ಎನ್ನುವುದು ಅದು ಚಮಚ ಹಿಡಿದ ರೀತಿಯಲ್ಲೇ ಗೊತ್ತಾಗುತ್ತಿತ್ತು.

"ಬಾಯಿ, ಸಾಂಗೂ ಕಾ?" ಎಂದ ಯತಿನ್, ಹೇಳಲಾ ಎಂದು. ಎದ್ದು ನಿಂತಿದ್ದ, ಮುಖದಲ್ಲಿ ನಗುವಿರಲಿಲ್ಲ. "ಇವತ್ತು ನಾವು ಮೂಗು ಹಿಡಿದ್ರೆ ಪ್ರೇಕ್ಷಾ ಅಳ್ತಾಳೆ. ಅವಳ ಆಯಿ ಮಾಡಿದ್ದು. ಹಿಡೀಲಿಲ್ಲ ಅಂದ್ರೆ ತುಮ್ಹಾಲಾ ಕಳತ್ ನಾಹೀ."

"ನನಗೆ ಏನು ತಿಳಿಯೋದಿಲ್ಲ?"

ಯತಿನ್ ಪಕ್ಕಕ್ಕೆ ನೋಡಿದ. ಪಕ್ಕದಲ್ಲಿದ್ದ ಮನೀಶ ಬೆಂಚಿನ ಮೇಲೆ ಬೆರಳಾಡಿಸುತ್ತ, ಯಾರೋ ದೊಡ್ಡವರಿಗೆ ಕೆಟ್ಟ ಸುದ್ದಿ ಹೇಳುವವನಂತೆ ಮೆಲ್ಲಗೆ, "ಬಾಯಿ, ತುಮ್ಹಾಲಾ ವಾಸ್ ಯೇತ್ ನಾಹೀ ನಾ" ಎಂದ.

ನಿಮಗೆ ವಾಸನೆ ಬರೋದಿಲ್ಲವಲ್ಲ. ನಿನ್ನೆ ಬೆಲ್ಲು ನುಂಗಿದ್ದು ಆ ಒಂದು ನಾಹೀಯನ್ನು.

"ಯಾವಾಗಿಂದ ಗೊತ್ತು?" ಎಂದಳು. ದನಿ ಎಲ್ಲಿಂದ ಬಂತೋ.

"ಐದನೇ ಕ್ಲಾಸಲ್ಲಿ ಫಿನಾಯಿಲ್ ಬಾಟ್ಲಿ ಒಡೀತಲ್ಲ ಬಾಯಿ" ಎಂದ ಯತಿನ್, ಈಗ ಹುರುಪು ಬಂದು. "ಸಗಳೇ ಹೊರಗೆ ಓಡಿದ್ರು. ನೀವು ಮಾತ್ರ ಅಲ್ಲೇ ಕೂತು ಪೇಪರ್ ಚೆಕ್ ಮಾಡ್ತಾ ಇದ್ರಿ. 'ಯಾಕ್ರೋ ಓಡ್ತೀರಿ, ಬೆಲ್ ಆಗಿಲ್ಲ' ಅಂದ್ರಿ." ತರಗತಿ ಕಿಸಕ್ಕೆಂದು, ಮತ್ತೆ ತಾನೇ ಬಾಯಿ ಮುಚ್ಚಿಕೊಂಡಿತು.

ಹಗುರಾಗಬೇಕಿತ್ತು, ಆಗಲಿಲ್ಲ. ಬದಲಿಗೆ ಸೀರೆ ಜಾರಿದ್ದು ಯಾವಾಗಲೋ, ಬೀದಿ ದಾಟಿ ಮನೆ ಸೇರಿದ ಮೇಲೆ ತಿಳಿದಂಥ ನಾಚಿಕೆ ಮೈತುಂಬ ಹರಿಯಿತು. ಅವಳು ಕದ್ದು ಓದುತ್ತಿದ್ದೇನೆ ಎಂದುಕೊಂಡಿದ್ದ ಆ ಸುಕ್ಕು ಮೂಗುಗಳು, ಕಿರಿದಾದ ಕಣ್ಣುಗಳು, ಒಂದೂ ಕದ್ದದ್ದಾಗಿರಲಿಲ್ಲ. ಕಳೆದ ವರ್ಷದಿಂದ ಈ ಮಕ್ಕಳು ಅವಳಿಗಾಗಿ ಮೂಗು ಮುರಿಯುತ್ತಿದ್ದವು, ದೂರದಿಂದ ಓದಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದ ಹಾಗೆ. ಹನ್ನೊಂದು ಹನ್ನೆರಡು ವರ್ಷದವು ಸೇರಿಕೊಂಡು, ತಮ್ಮೊಳಗೆ ಮಾತಾಡಿಕೊಂಡು, ಅವಳ ಮಾನ ಕಾಯುತ್ತಿದ್ದವು. ಮಕ್ಕಳ ಮುಖ ಸುಳ್ಳು ಹೇಳುವುದಿಲ್ಲವಂತೆ! ಒಂದು ಕ್ಷಣ ಅವಳಿಗೆ ಎಲ್ಲರನ್ನೂ ಬೆಂಚಿನ ಮೇಲೆ ನಿಲ್ಲಿಸುವಷ್ಟು ಸಿಟ್ಟು ಬಂತು. ಮರುಕ್ಷಣ, ಇವತ್ತು ಎರಡು ಮಾನಗಳ ನಡುವೆ ಸಿಕ್ಕಿಬಿದ್ದು, ತನ್ನದನ್ನು ಕಾಯುವುದೋ ಪ್ರೇಕ್ಷಾಳದ್ದೋ ತಿಳಿಯದೆ ಆ ಮುಖಗಳು ಖಾಲಿಯಾಗಿದ್ದವು ಎನ್ನುವುದು ಅರ್ಥವಾಯಿತು. ಪ್ರೇಕ್ಷಾ ಡಬ್ಬಿಯನ್ನು ಹಾಗೇ ಹಿಡಿದು ನಿಂತಿದ್ದಳು. "ಖಾವೂ ಕಾ?" ಎಂದಳು. ತಿನ್ನಲಾ?

"ನನಗೆ ಗೊತ್ತಾಗೋದಿಲ್ಲ" ಎಂದಳು ವಾರಿಜಾ. ಗಂಡನಿಗೆ ಹೇಳದ ಮಾತು ಇಷ್ಟು ಚಿಕ್ಕದಿತ್ತು. "ನೀನೇ ಮೂಸಿ ಹೇಳು. ಅಮ್ಮ ಮಾಡಿದ್ದು ಅಂತ ನೋಡಬೇಡ. ಅಮ್ಮ ಮಾಡಿದಾಗ ಅದು ಚೆನ್ನಾಗಿಯೇ ಇತ್ತು. ಸೆಕೆ ಮಾಡಿದ್ದು ಇದು."

ಪ್ರೇಕ್ಷಾ ಡಬ್ಬಿಯನ್ನು ಮುಖದ ಹತ್ತಿರ ತಂದಳು. ಅವಳ ಮೂಗು ಸುಕ್ಕಾಯಿತು. ಯಾರಿಗೂ ತೋರಿಸುವುದಕ್ಕಲ್ಲದ, ತನ್ನಷ್ಟಕ್ಕೆ ಆದ ಸಣ್ಣ ಸುಕ್ಕು. "ಹಳಸಿದೆ" ಎಂದಳು. ಸ್ಪಷ್ಟವಾದ ಕನ್ನಡದಲ್ಲಿ. ಮುಚ್ಚಳ ಹಾಕಿ ಒತ್ತಿದಳು. ವಾರಿಜಾ ತನ್ನ ಚೀಲದಿಂದ ಇಡ್ಲಿಯ ಡಬ್ಬಿ ತೆಗೆದು ಅವಳ ಕೈಗಿಟ್ಟು, ಮೇಜಿನ ಹತ್ತಿರವೇ ಕುರ್ಚಿ ಎಳೆದು ಕೂರಿಸಿದಳು. ಮಗು ತಿನ್ನುವುದನ್ನು ನೋಡುತ್ತ ನಿಂತವಳಿಗೆ, ಇನ್ನು ಮುಚ್ಚಿಡಲು ಉಳಿದದ್ದೇನು ಎನ್ನುವ ಮೊಂಡ ಧೈರ್ಯ ಎಲ್ಲಿಂದಲೋ ಹತ್ತಿ ಬಂತು. ಬೆಳಗಿನಿಂದ, ಅಲ್ಲ, ಎಷ್ಟೋ ತಿಂಗಳಿಂದ ಯಾರಲ್ಲೂ ಕೇಳಿ ತಿಳಿಯಲಾಗದ್ದು. ದೊಡ್ಡವರಲ್ಲಿ ಕೇಳಿದರೆ ಬಗ್ಗುವ ಮೊದಲೇ ಉತ್ತರ ಬರುತ್ತದೆ.

"ಪ್ರೇಕ್ಷಾ, ತಿಂದಾದ ಮೇಲೆ ಕೈತೊಳೆದು ಬಾ. ಇನ್ನೊಂದು ಪರೀಕ್ಷೆ ಉಂಟು. ಈಗ ನನ್ನನ್ನು ನೋಡಿ ಹೇಳಬೇಕು."

ಹುಡುಗಿಗೆ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ನಾಚಿದಳು. ಅವಳು ತಿಂದು, ಕೈತೊಳೆದು ಬಂದಾಗ ವಾರಿಜಾ ಬಗ್ಗಿ ನಿಂತಳು. ಪ್ರೇಕ್ಷಾ ಹತ್ತಿರ ಬಂದು, ಸೆರಗಿನ ಅಂಚನ್ನು ಎರಡು ಬೆರಳಲ್ಲಿ ಎತ್ತಿ, ಕಣ್ಣು ಮುಚ್ಚಿ ಮೂಸಿದಳು. ಭುಜದ ಹತ್ತಿರ ಒಮ್ಮೆ, ಕೂದಲ ಹತ್ತಿರ ಒಮ್ಮೆ. ಅವಸರವಿಲ್ಲದೆ. ವಾರಿಜಾ ಅವಳ ಮುಖ ನೋಡಲಿಲ್ಲ, ನೋಡುವುದಕ್ಕೆ ಬರುತ್ತಿದ್ದ ಕಣ್ಣನ್ನು ಹಿಡಿದು ನೆಲಕ್ಕೆ ಹಾಕಿದಳು.

"ಸಾಬಣ" ಎಂದಳು ಪ್ರೇಕ್ಷಾ. "ಖೂಪ್ ಸಾಬಣ." ತುಂಬ ಸೋಪು.

"ಮತ್ತೆ?"

ತಡೆದಳು. "ಮೀನು."

"ಯಾವ ಮೀನು?" ಎಂದಳು ವಾರಿಜಾ.

ಪ್ರೇಕ್ಷಾ ಮತ್ತೊಮ್ಮೆ ಸೆರಗನ್ನು ಮೂಸಿದಳು. ಲೆಕ್ಕ ಬಿಡಿಸುವ ಮುಖ. "ಬಂಗುಡೆ. ನಿನ್ನೇದು. ಹುರಿದದ್ದು. ಇಲ್ಲಿ ಸೆರಗಲ್ಲಿ ಮಾತ್ರ, ಥೋಡಾಸಾ."

ನಿನ್ನೆ ಸಂಜೆ ರಮಾಕಾಂತ ತಂದದ್ದು ಬಂಗುಡೆಯೇ. ಹುರಿಯುವಾಗ ಇಸ್ತ್ರಿಗೆಂದು ತೆಗೆದಿಟ್ಟ ಈ ಸೀರೆ ಅಡುಗೆಮನೆಯ ಹಗ್ಗದ ಮೇಲಿತ್ತು. ವಾರಿಜಾ ಬಗ್ಗಿದವಳು ಹಾಗೇ ಇದ್ದಳು. ಆ ಜ್ವರದ ನಂತರ ಅವಳಿಗೆ ಯಾರಾದರೂ ಹೇಳಿದ ಮಾತುಗಳಲ್ಲಿ ತಿರುಗಿಸಿ ಅಡಿಯನ್ನು ನೋಡದೆ ನಂಬಿದ ಮೊದಲ ಮಾತು ಅದು. ಇಡೀ ಮೈಯಲ್ಲ, ಸೆರಗು. ಎಂದೆಂದಿನದಲ್ಲ, ನಿನ್ನೆಯದು. ಒಗೆದರೆ ಹೋಗುವಂಥದು. "ಬೂತಾಯಿ ಅಲ್ಲವಾ?" ಎಂದು ಸುಮ್ಮನೆ ಕೆಣಕಿದಳು. "ಛೆ, ಬೂತಾಯಿದು ಬೇರೆ" ಎಂದಳು ಪ್ರೇಕ್ಷಾ, ಟೀಚರಿಗೆ ಇಷ್ಟೂ ಗೊತ್ತಿಲ್ಲವೇ ಎನ್ನುವಂತೆ. "ಬಾಯಿ, ಮಲಾ ಬಾಂಗಡಾ ಆವಡತೋ" ಎಂದು ಹಿಂದಿನಿಂದ ಯಾರೋ ಕೂಗಿ, ತನಗೆ ಬಂಗುಡೆ ಇಷ್ಟವೆಂದು ಘೋಷಿಸಿದ ಮೇಲೆ ತರಗತಿಗೆ ತಡೆಯಿರಲಿಲ್ಲ.

ಗಲಾಟೆಗೆ ಬಾಗಿಲಲ್ಲಿ ಸಂಜನಾ ಕಾಣಿಸಿಕೊಂಡಳು. "ಅಕ್ಕ, ಸರ್ ಕೇಳ್ತಿದ್ದಾರೆ. ಶನಿವಾರದ್ದು ಎಂತ ಮಾಡುವುದು ಅಂತ. ನೀವಾ, ನಾನಾ?"

ವಾರಿಜಾ ಅವಳನ್ನು ನೋಡಿದಳು. ಹಳೆಯ ಚಟ, ಹುಬ್ಬು, ಮೂಗಿನ ಹೊಳ್ಳೆ, ತುಟಿಯ ತುದಿ ಎಂದು ಓದಲು ಹೊರಟಿತು. ಅದನ್ನು ಅರ್ಧಕ್ಕೆ ಬಿಟ್ಟು, "ಸಂಜನಾ, ಸ್ವಲ್ಪ ಇಲ್ಲಿ ಬಾ. ನಿಜ ಹೇಳಬೇಕು. ನನ್ನ ಹತ್ತಿರ ಏನಾದರೂ ವಾಸನೆ ಉಂಟಾ?" ಎಂದಳು.

"ಛೆ ಛೆ, ಎಂತ ಕೇಳ್ತೀರಿ ಅಕ್ಕ!" ಎಂದಳು ಸಂಜನಾ, ಬಾಗಿಲಲ್ಲೇ ನಿಂತು. "ಎಂತ ಸಹ ಇಲ್ಲ. ಒಳ್ಳೇ ಪರಿಮಳ ಉಂಟು."

ಆರನೆಯ ತರಗತಿ ಒಟ್ಟಿಗೇ ಸಿಡಿಯಿತು. ಯತಿನ್ ಬೆಂಚಿನ ಮೇಲೆ ಬಿದ್ದು ನಕ್ಕ. ಸಂಜನಾ ಏನೂ ತಿಳಿಯದೆ, ಮಕ್ಕಳು ನಗುವುದನ್ನು ನೋಡಿ ತಾನೂ ನಕ್ಕಳು. ನಗುತ್ತ ನಗುತ್ತ ಅವಳ ಕಿವಿ ಕೆಂಪಾಯಿತು. ವಾರಿಜಾ ಕಂಡಳು. ತನ್ನ ಸಂಶಯ ಒಂದೂ ಸುಳ್ಳಾಗಿರಲಿಲ್ಲ. ಮೀನು ಹೊಸಿಲು ದಾಟದ ಮನೆಯ ಈ ಹುಡುಗಿಗೆ ಎಲ್ಲ ಗೊತ್ತಿತ್ತು, ಮೊದಲಿನಿಂದಲೂ ಗೊತ್ತಿತ್ತು. ಗೊತ್ತಿದ್ದೂ ಸ್ಟಾಫ್‌ರೂಮಿನಲ್ಲಿ ಅಷ್ಟೊಂದು ಕುರ್ಚಿಗಳು ಖಾಲಿ ಇರುವಾಗ ದಿನಾ ಊಟಕ್ಕೆ ತನ್ನ ಪಕ್ಕದ ಕುರ್ಚಿಗೇ ಬಂದು ಕೂರುತ್ತಿದ್ದಳು. ಅದನ್ನು ಮಾತ್ರ ಅವಳು ಇಷ್ಟು ದಿನ ಎಣಿಕೆಗೆ ಹಿಡಿದಿರಲಿಲ್ಲ. ಸರ್ವೋತ್ತಮ ಸರ್ ಫ್ಯಾನಿನ ಮಾತು ಯಾವುದಕ್ಕೆ ಹೇಳಿದರೋ, ಅದು ಇನ್ನೂ ತಿಳಿದಿರಲಿಲ್ಲ. ಬಹುಶಃ ಫ್ಯಾನೇ ಕೆಟ್ಟಿರಬಹುದು.

"ಶನಿವಾರ ನಾನೇ" ಎಂದಳು. "ಈ ಮಕ್ಕಳ ಮೂಗು ನನ್ನ ಜೊತೆಗೆ ಇರುತ್ತದೆ. ಸರ್‌ಗೆ ಹೇಳು, ಪಾಲಕರ ಕುರ್ಚಿ ದೂರ ಹಾಕಿಸಬೇಡಿ ಅಂತ. ಹತ್ತಿರವೇ ಇರಲಿ."